ಜೇನು ಅಸಲಿಯಾ ಅಂತ ಕೇಳುವವರಿಗೆ

"ಇದು ಅಸಲಿ ಕೂರ್ಗ್ ಜೇನಾ? ನೀರಿಗೆ ಬಿಟ್ಟು ತೋರಿಸ್ತೀರಾ?"

ಕೊಡಗಿನಲ್ಲಿ ಜೇನು ಸಾಕುವವರು, ಮಾರುವವರು, ಅದರ ಬಗ್ಗೆ ಅಷ್ಟೋ ಇಷ್ಟೋ ತಿಳಿದವರು ಎಲ್ಲರೂ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಾರೆ. ನಾನೂ ಸುಸ್ತಾಗಿದ್ದೇನೆ. ಅದಕ್ಕೇ ಒಂದು ಸಲ ಸರಿಯಾಗಿ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಮೊದಲ ಮಾತು: ನೀರಿಗೆ ಬಿಟ್ಟು ತೋರಿಸುವುದಿಲ್ಲ. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಲೀಟರ್ ಜೇನು ಸುಮಾರು 1.4 ಕೆ.ಜಿ. ತೂಗುತ್ತದೆ. ನೀರಿಗಿಂತ ಭಾರ, ಆದ್ದರಿಂದ ಎಳೆಯಾಗಿ ಇಳಿದು ಲೋಟದ ತಳದಲ್ಲಿ ಕೂರುತ್ತದೆ. ಸಕ್ಕರೆ ಪಾಕವನ್ನು ಅಷ್ಟೇ ಗಟ್ಟಿಯಾಗುವವರೆಗೆ ಕುದಿಸಿ ಬಿಟ್ಟು ನೋಡಿ, ಅದೂ ತಳದಲ್ಲೇ ಕೂರುತ್ತದೆ. ಹತ್ತಿಯ ಬತ್ತಿಯನ್ನು ಜೇನಿನಲ್ಲಿ ಅದ್ದಿ ಬೆಂಕಿ ಹಚ್ಚುವ ಪರೀಕ್ಷೆಯೂ ಇಷ್ಟೇ. ನೀರು ಕಡಿಮೆ ಇದ್ದರೆ ಬತ್ತಿ ಹೊತ್ತುತ್ತದೆ, ಜಾಸ್ತಿ ಇದ್ದರೆ ಚಟಪಟ ಅಂದು ಆರುತ್ತದೆ. ಚೆನ್ನಾಗಿ ಕಾಯಿಸಿದ ಬೆಲ್ಲದ ಪಾಕದಲ್ಲಿ ಅದ್ದಿದ ಬತ್ತಿ ಸೊಗಸಾಗಿ ಉರಿಯುತ್ತದೆ. ಏಪ್ರಿಲ್ ಕೊನೆಯ ಮಳೆ ಬಿದ್ದ ಮೇಲೆ ಪೆಟ್ಟಿಗೆಯಿಂದ ತೆಗೆದ ನಮ್ಮ ಜೇನು ಉರಿಯದೇ ಹೋಗಬಹುದು. ಹೆಬ್ಬೆರಳ ಮೇಲಿನ ಹನಿ, ಪೇಪರಿನ ಮೇಲಿನ ಹನಿ, ಎಲ್ಲದರಲ್ಲೂ ನೀವು ನೋಡುತ್ತಿರುವುದು ಗಟ್ಟಿತನ ಮಾತ್ರ. ಇರುವೆ ಮುತ್ತಿದರೆ ನಕಲಿ, ನಾಯಿ ಮೂಸದಿದ್ದರೆ ಅಸಲಿ ಅನ್ನುವ ಮಾತಿಗೆ ಬುಡವೇ ಇಲ್ಲ. ಫ್ರಿಜ್ಜಿನಲ್ಲಿಟ್ಟಾಗ ಹರಳುಗಟ್ಟಿದರೆ ಸಕ್ಕರೆ ಹಾಕಿದ್ದಾರೆ ಅನ್ನುವುದೂ ಹಾಗೆಯೇ. ಗ್ಲೂಕೋಸ್ ಜಾಸ್ತಿಯಿರುವ ಜೇನು ಬೇಗ ಹರಳಾಗುತ್ತದೆ. ಸಂಪಾಜೆ ಕಡೆಯ ರಬ್ಬರ್ ತೋಟದ ಜೇನನ್ನು ನೋಡಿ: ಹುಳಗಳು ಅದನ್ನು ತರುವುದು ಹೂವಿನಿಂದಲ್ಲ, ಎಳೆ ಎಲೆಯ ಬುಡದ ಗ್ರಂಥಿಯಿಂದ. ಅದು ಬೇಗ ಸಕ್ಕರೆ ಕಟ್ಟುತ್ತದೆ, ಆದರೂ ಪೂರ್ತಿ ಜೇನೇ. ಬಾಟಲಿಯನ್ನು 40 ಡಿಗ್ರಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ.

ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳಿದ್ದಕ್ಕಲ್ಲ, ಅದರೊಳಗಿನ ನಂಬಿಕೆಗೆ. ಕಣ್ಣಿಗೆ ಗಟ್ಟಿಯಾಗಿ ಕಂಡದ್ದು ಶುದ್ಧ, ತೆಳ್ಳಗಿದ್ದದ್ದು ಮೋಸ ಎಂದು ನೀವು ತೀರ್ಮಾನ ಮಾಡಿಕೊಂಡೇ ಬಂದಿರುತ್ತೀರಿ. ಈ ಅಳತೆಗೋಲಿನಲ್ಲಿ ಸೋಲುವುದು ನಾಲ್ಕು ಪೆಟ್ಟಿಗೆ ಇಟ್ಟುಕೊಂಡಿರುವ ಕೃಷಿಕ. ಗೆಲ್ಲುವುದು ಕಾರ್ಖಾನೆಯ ಪಾಕ.

ರಸ್ತೆ ಬದಿಯಲ್ಲಿ ಬಕೆಟ್ಟಿನ ಮೇಲೊಂದು ಎರಿ (ಜೇನುಗೂಡಿನ ಮೇಣದ ಹಲ್ಲೆ) ತೇಲಿಸಿ ಬೆಲ್ಲದ ನೀರು ಮಾರುವವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಅವರನ್ನು ಹಿಡಿಯುವುದು ಸುಲಭ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಸಾಮಾನ್ಯ ಜೇನಿನ ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆ, ಶೇ 5 ದಾಟಬಾರದು. ಬೆಲ್ಲದ ನೀರು ಆ ಒಂದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕಷ್ಟ ಶುರುವಾಗುವುದು ಸುಕ್ರೋಸನ್ನು ಮೊದಲೇ ಒಡೆದು ತಯಾರಿಸಿದ ಪಾಕದಲ್ಲಿ. ಅದಕ್ಕೂ ಒಂದು ಪರೀಕ್ಷೆಯಿದೆ. ಕಬ್ಬು, ಮೆಕ್ಕೆಜೋಳ ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ರೀತಿ ಒಂದು. ಹುಳಗಳು ಹೋಗುವ ಬಹುಪಾಲು ಹೂಗಿಡಗಳದ್ದು ಇನ್ನೊಂದು. ಆ ಗುರುತು ಸಕ್ಕರೆಯೊಳಗೆ ಇಂಗಾಲದ ಐಸೊಟೋಪಿನ (ಹಗುರ, ಭಾರ ರೂಪಗಳ) ಲೆಕ್ಕವಾಗಿ ಉಳಿದಿರುತ್ತದೆ. ಇದೇ ಸಿ4 ಪರೀಕ್ಷೆ, ಕಬ್ಬು, ಜೋಳದಂಥ ಸಿ4 ಗಿಡದ ಸಕ್ಕರೆಗೆ ಮಿತಿ ಶೇ 7. ಆದರೆ ಅಕ್ಕಿ ಮತ್ತು ಬೀಟ್‌ರೂಟ್ ಜಾತಿಯ ಸಕ್ಕರೆಗೆಡ್ಡೆ ಹೂಗಿಡಗಳ ಗುಂಪಿಗೇ ಸೇರಿದವು. ಅವುಗಳ ಪಾಕ ಸಿ4 ಪರೀಕ್ಷೆಗೆ ಕಾಣುವುದೇ ಇಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರ ಡಿಸೆಂಬರ್‌ನಲ್ಲಿ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆ ಮಾಡಿಸಿ ವರದಿ ಹೊರಗೆ ಬಿಟ್ಟಿತು. ಎನ್‌ಎಂಆರ್ ಎಂಬ ಇನ್ನೂ ಸೂಕ್ಷ್ಮ ಪರೀಕ್ಷೆ ಸೇರಿ ಎಲ್ಲದರಲ್ಲೂ ಪಾಸಾದ ಬ್ರ್ಯಾಂಡ್ 3 ಮಾತ್ರ. ಕಂಪನಿಗಳು ಅಲ್ಲಗಳೆದವು, ಆ ಜಗಳ ಬೇರೆ. ಪಾಕ ಮಾಡುವವರು ಸರಕಾರದ ಪರೀಕ್ಷೆಗಳನ್ನು ಓದಿಕೊಂಡೇ ಪಾಕ ಮಾಡುತ್ತಾರೆ ಎಂಬುದು ನಮಗೆ ತಿಳಿದಿದ್ದರೆ ಸಾಕು. ಅಂಥ ಪಾಕವನ್ನು ನಿಮ್ಮ ಲೋಟದ ನೀರು ಹಿಡಿಯುತ್ತದೆಯೇ?

ಇನ್ನು ಕೆಲವರು ಬಾಟಲಿ ತಿರುಗಿಸಿ, "ನಂಬರ್ ಇದೆ, ಹಾಗಾದ್ರೆ ಸರಿ" ಅನ್ನುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ ಆ 14 ಅಂಕಿಯ ನಂಬರನ್ನು ಓದುವುದು ಕಲಿಯಿರಿ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ಅಂಕಿ ವರ್ಷದ್ದು. ಒಳಗಿರುವ ಜೇನನ್ನು ಯಾರೋ ಪರೀಕ್ಷಿಸಿ ಒಪ್ಪಿದ್ದಾರೆ ಎಂದು ಆ ನಂಬರ್ ಹೇಳುವುದಿಲ್ಲ. ತೊಂದರೆಯಾದರೆ ಹೊಣೆ ಹೊರಲು ವಿಳಾಸವಿರುವ ಒಬ್ಬರಿದ್ದಾರೆ ಎಂದಷ್ಟೇ ಹೇಳುತ್ತದೆ. ಅದೇನೂ ಸಣ್ಣ ಸಂಗತಿಯಲ್ಲ, ಬಕೆಟ್ಟಿನವನಿಗೆ ಅದೂ ಇಲ್ಲ. ನಂಬರಿನ ಪಕ್ಕದಲ್ಲಿ ಪ್ಯಾಕ್ ಮಾಡಿದವರ ವಿಳಾಸವನ್ನೂ ಓದಿ. ಮುಂದುಗಡೆ ದೊಡ್ಡದಾಗಿ ಕೂರ್ಗ್ ಎಂದಿದ್ದು, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬೇರೆ ರಾಜ್ಯದ ಕೈಗಾರಿಕಾ ಪ್ರದೇಶದ ವಿಳಾಸವಿದ್ದರೆ ಅಲ್ಲೇ ಕೇಳಿ: ಈ ಜೇನನ್ನು ಕೊಡಗಿನಲ್ಲಿ ಯಾರಿಂದ ಕೊಂಡಿರಿ?

ಅಸಲಿಯಾ ಎಂಬುದನ್ನು ಬಿಟ್ಟು ನೀವು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಇದರಲ್ಲಿ ನೀರು ಎಷ್ಟಿದೆ?

ಕೊಡಗಿನ ಜೇನಿನ ನಿಜವಾದ ತಲೆನೋವು ಇರುವುದು ಅಲ್ಲಿ. ನಮ್ಮ ಪೆಟ್ಟಿಗೆಗಳಲ್ಲಿರುವುದು ತುಡುವೆ ಎಂಬ ನಾಡಿನ ಜೇನುಹುಳ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬಿದ್ದ ಮೇಲೆ ಕಾಫಿ ಅರಳುತ್ತದೆ, ಆಮೇಲೆ ನೇರಳೆ ಮತ್ತಿತರ ಕಾಡುಮರಗಳು. ಹೂವಿನ ರಸದಲ್ಲಿ ಅರ್ಧಕ್ಕೂ ಹೆಚ್ಚು ನೀರೇ ಇರುವುದುಂಟು. ಹುಳಗಳು ರಾತ್ರಿಯಿಡೀ ರೆಕ್ಕೆ ಬೀಸಿ ಅದನ್ನು ಆರಿಸಿ, ಹದಕ್ಕೆ ಬಂದ ಮೇಲೆ ಎರಿಯ ಕಣ್ಣಿನ (ಜೇನು ತುಂಬುವ ಗುಂಡಿಯ) ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಎರಿಯ ಮುಕ್ಕಾಲು ಭಾಗಕ್ಕೆ ಮುಚ್ಚಳ ಬಿದ್ದ ಮೇಲೆಯೇ ತೆಗೆಯಬೇಕು ಎಂಬುದು ನಿಯಮ. ಪಾಲಿಸುವುದು ಕಷ್ಟ. ಏಪ್ರಿಲ್ ಕೊನೆಗೆ ಮಳೆ ಮೋಡ ಕಟ್ಟಿಕೊಂಡರೆ, ಇವತ್ತು ತೆಗೆಯದಿದ್ದರೆ ಹುಳ ಕೂತು ತಿಂದು ಮುಗಿಸುತ್ತವೆ ಎಂಬ ಭಯ. ವರ್ಷಕ್ಕೆ ಒಂದು ಪೆಟ್ಟಿಗೆ ಕೊಡುವುದೇ ಕೆಲವು ಕಿಲೋ. ಅರ್ಧ ಮುಚ್ಚಳ ಬಿದ್ದ ಎರಿಯನ್ನೇ ಜೇನು ತೆಗೆಯುವ ಯಂತ್ರಕ್ಕೆ ಹಾಕಿ ತಿರುಗಿಸುತ್ತಾರೆ. ನೀರು ಶೇ 23, 24 ಬರುತ್ತದೆ.

ಹೀಗೆ ತೆಗೆದ ಜೇನು ಜೂನ್‌ನಲ್ಲಿ ಕೈಕೊಡುತ್ತದೆ. ಜೇನಿನೊಳಗೆ ಸಕ್ಕರೆಯಲ್ಲೂ ಬದುಕುವ ಯೀಸ್ಟ್ ಸಹಜವಾಗಿಯೇ ಇರುತ್ತದೆ. ನೀರು ಶೇ 17ರೊಳಗೆ ಇದ್ದರೆ ಅದು ಏಳುವುದಿಲ್ಲ, 20 ದಾಟಿದರೆ ಸುಮ್ಮನಿರುವುದಿಲ್ಲ. ಮೇಲೆ ನೊರೆ, ಹುಳಿ ವಾಸನೆ, ಮುಚ್ಚಳ ತೆಗೆದರೆ ಟಪ್ ಎನ್ನುವ ಸದ್ದು. ಜೊತೆಗೆ ಜೇನು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 60ರ ಆಸುಪಾಸು ಇದ್ದರೆ ಶೇ 18ರ ಜೇನು ಇದ್ದ ಹಾಗೇ ಇರುತ್ತದೆ. ಅದಕ್ಕಿಂತ ಏರಿದರೆ ಜೇನು ತೆಳ್ಳಗಾಗುತ್ತಾ ಹೋಗುತ್ತದೆ. ಮಡಿಕೇರಿಯ ಜುಲೈ ತಿಂಗಳ ಗಾಳಿ ಹೇಗಿರುತ್ತದೆಂದು ಗೋಡೆಯ ಬೂಸ್ಟನ್ನು ಕೇಳಿದರೆ ಸಾಕು.

ಪರಿಹಾರ ದುಬಾರಿಯೇನಲ್ಲ. ಬಿಸಿಲು ಏರಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಎರಿ ತೆಗೆಯಿರಿ. ಮುಚ್ಚಿದ ಒಣ ಕೋಣೆಯಲ್ಲಿ ಯಂತ್ರ ತಿರುಗಿಸಿ. ಜೇನನ್ನು ಬೋಗುಣಿಯಲ್ಲಿ ತೆರೆದಿಟ್ಟು ಊಟಕ್ಕೆ ಹೋಗಬೇಡಿ. ಜೇನು ಹುಳಿ ಪದಾರ್ಥ, ಆದ್ದರಿಂದ ಸತುವಿನ ಲೇಪದ ತಗಡಿನ ಡಬ್ಬ ಬೇಡ. ಸ್ಟೀಲು, ಗಾಜು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಡಬ್ಬದಲ್ಲಿ ಕಂಠದವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿ. ಮುಖ್ಯವಾಗಿ ಒಂದು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಿ, ಬೆಳಕಿಗೆ ಹಿಡಿದು ಗೆರೆ ಓದಿದರೆ ನೀರಿನ ಪ್ರಮಾಣ ಕಾಣುತ್ತದೆ. ಯಂತ್ರಕ್ಕೆ ಹಾಕುವ ಮುಂಚೆ ಎರಿಯಿಂದಲೇ ಹನಿ ತೆಗೆದು ನೋಡಿ. 22 ತೋರಿಸಿದರೆ ಎರಿಯನ್ನು ಪೆಟ್ಟಿಗೆಗೇ ವಾಪಸಿಡಿ.

ಕೆಲವರು ಕಾಯಿಸುತ್ತಾರೆ. ಡಬ್ಬವನ್ನು ಬಿಸಿನೀರಿನೊಳಗೆ ಇಟ್ಟು ಜೇನನ್ನು 60ರಿಂದ 65 ಡಿಗ್ರಿಗೆ ತಂದು, ಸ್ವಲ್ಪ ಹೊತ್ತು ಬಿಟ್ಟು, ಕೂಡಲೇ ತಣಿಸಿದರೆ ಯೀಸ್ಟ್ ಸಾಯುತ್ತದೆ. ನೇರ ಒಲೆಯ ಮೇಲಿಟ್ಟು ಕುದಿಸಿದರೆ ಸಕ್ಕರೆ ಕಾದಾಗ ಹುಟ್ಟುವ ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ, ಹುಳ ಸೇರಿಸಿದ ಕಿಣ್ವಗಳು ಸಾಯುತ್ತವೆ. ಎಚ್‌ಎಂಎಫ್‌ಗೆ ಮಿತಿ ಕಿಲೋಗೆ 80 ಮಿಲಿಗ್ರಾಂ. ಗಟ್ಟಿ ಜೇನೇ ಬೇಕು ಎಂದು ನೀವು ಹಟ ಹಿಡಿದಷ್ಟೂ ಮಾರುವವರು ಕಾಯಿಸುತ್ತಾರೆ, ಇದೂ ನೆನಪಿರಲಿ.

ಈಗ ಸರಕಾರದ ಮೇಲಿನ ನನ್ನ ದೂರು. 2011ರ ಮಾನದಂಡದಲ್ಲಿ ಜೇನಿನ ನೀರಿನ ಮಿತಿ ಶೇ 25 ಇತ್ತು. 2018ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲೂ 20, ಅದಕ್ಕೆ ಸರಿಹೊಂದಿಸಿದ್ದು ತಪ್ಪಲ್ಲ. ಆದರೆ ಅದೇ ಕೋಡೆಕ್ಸ್ ಯುರೋಪಿನ ಹೆದರ್ ಹೂವಿನ ಜೇನಿಗೆ ಶೇ 23 ಬಿಟ್ಟುಕೊಟ್ಟಿದೆ, ಅದರ ಗುಣವೇ ಹಾಗೆ ಎಂದು. ನಮ್ಮ ಮಾನದಂಡವೂ ಸಹ್ಯಾದ್ರಿಯ ಕಾರ್ವಿ ಹೂವಿನ ಜೇನಿಗೆ ಸುಕ್ರೋಸ್ ಮಿತಿಯನ್ನು ಶೇ 10ರವರೆಗೆ ಸಡಿಲಿಸಿದೆ. ಹಾಗಿದ್ದ ಮೇಲೆ ಮಳೆನಾಡಿನ ತುಡುವೆಗೆ ಒಂದು ಪ್ರತ್ಯೇಕ ಸಾಲು ಏಕಿಲ್ಲ? ಮುಚ್ಚಳ ಬಿದ್ದ ಮೇಲೂ 20, 21ರಲ್ಲಿ ನಿಲ್ಲುವ ಜೇನು ಇದು. ಈಗಿನ ಕಾನೂನಿನಲ್ಲಿ 21 ಬಂದರೆ ಅದು ಕಳಪೆ ದರ್ಜೆ, ಆಹಾರ ಸುರಕ್ಷತಾ ಕಾಯ್ದೆಯ 51ನೇ ಸೆಕ್ಷನ್‌ನಲ್ಲಿ 5 ಲಕ್ಷ ರೂಪಾಯಿವರೆಗೆ ದಂಡ. ಬೆಲ್ಲದ ಪಾಕ ಬೆರೆಸಿ ಸಿಕ್ಕಿಬಿದ್ದ ಜೇನಿಗೂ ಅದೇ ಹೆಸರು ಬೀಳಬಹುದು. ಒಂದು ಹುಳದ ಗುಣ, ಇನ್ನೊಂದು ಮನುಷ್ಯನ ಮೋಸ. ಎರಡಕ್ಕೂ ಒಂದೇ ಹೆಸರಿಡುವುದು ಅನ್ಯಾಯ. ಶೇ 24ರ ಹಸಿ ಜೇನನ್ನು ಮಾರಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಪಕ್ವವಾದ ತುಡುವೆ ಜೇನನ್ನು ಅಳೆದು ನೋಡಿ ಮಿತಿ ಹಾಕಿ ಎಂದು ಕೇಳುತ್ತಿದ್ದೇನೆ. ನಮ್ಮ ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ, ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಅಳೆಯುವವರಿಗೆ ಬರವಿಲ್ಲ.

"ನೀವೂ ಹುಳಕ್ಕೆ ಸಕ್ಕರೆ ತಿನ್ನಿಸ್ತೀರಂತೆ" ಎಂದು ಗುಟ್ಟು ಹಿಡಿದವರಂತೆ ಹೇಳುವವರಿಗೂ ಇಲ್ಲೇ ಉತ್ತರ. ಹೌದು, ತಿನ್ನಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳ ಹೊರಗೆ ಹೋಗಲಾಗದ ಮಳೆಯಲ್ಲಿ, ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಹುಳಗಳು ಮರಿ ಮಾಡುವ ಕೆಳಗಿನ ಸಂಸಾರ ಕೋಣೆಗೆ ಕೊಡುತ್ತೇವೆ. ಕೊಡದಿದ್ದರೆ ಹುಳ ಸಾಯುತ್ತವೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಹೋಗುತ್ತವೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ಮರಿಹುಳ ಕಣ್ಣಿನೊಳಗೆ ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ ಅದು, ಈಗಲೂ ಬರುತ್ತದೆ. ಬಡಕಲಾದ ಸಂಸಾರ ಅದಕ್ಕೆ ಬೇಗ ಬಲಿಯಾಗುತ್ತದೆ. ಹೂ ಶುರುವಾಗಿ ಮೇಲಿನ ಜೇನು ಕೋಣೆ ಇಡುವ ಮೊದಲೇ ಪಾಕ ನಿಲ್ಲಿಸಬೇಕು. ಆಮೇಲೂ ಕೊಟ್ಟರೆ ಅದು ಮೋಸವೇ. ಸುಕ್ರೋಸ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ಸಂಭವವೂ ಇದೆ.

ಹೆಜ್ಜೇನಿನ ಬಗ್ಗೆ ಚಿಕ್ಕದಾಗಿ. ಕಾಡಂಚಿನ ಜೇನುಕುರುಬರಂಥ ಸಮುದಾಯಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನು ಕಿರು ಅರಣ್ಯ ಉತ್ಪನ್ನ, ಅದನ್ನು ಸಂಗ್ರಹಿಸಿ ಮಾರುವ ಹಕ್ಕು ಕಾಯ್ದೆಯೇ ಮಾನ್ಯ ಮಾಡಿದ್ದು. ಮರಿಯಿರುವ ಭಾಗ ಬಿಟ್ಟು ಜೇನಿನ ಭಾಗವನ್ನಷ್ಟೇ ಕೊಯ್ದು, ಹಿಂಡದೆ ಸೋರಲು ಬಿಟ್ಟದ್ದಾದರೆ ಒಳ್ಳೆಯ ಜೇನು. ಪೂರ್ತಿ ಎರಿಯನ್ನು ಕೈಯಲ್ಲಿ ಹಿಂಡಿದರೆ ಮರಿಯ ರಸ, ಪರಾಗ ಎಲ್ಲ ಸೇರಿ ಬೇಗ ಹುಳಿಯಾಗುತ್ತದೆ.

ಇಷ್ಟೆಲ್ಲ ಓದಿಯೂ ಅನುಮಾನ ಹೋಗದಿದ್ದರೆ ನಿಮಗೊಂದು ಹಕ್ಕಿದೆ, ಬಳಸಿ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಳ್ಳುವ ಯಾರಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಷರತ್ತು ಒಂದೇ: ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. 14 ದಿನದೊಳಗೆ ವರದಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಜೇನು ಮಾನದಂಡಕ್ಕೆ ತಕ್ಕಂತಿಲ್ಲ ಎಂದು ಬಂದರೆ ಕಟ್ಟಿದ ಶುಲ್ಕ ವಾಪಸ್. ಬಿಲ್ ಇಟ್ಟುಕೊಳ್ಳಿ, ಬಾಟಲಿಯ ಸೀಲ್ ಒಡೆಯಬೇಡಿ. ವರದಿ ಕೈಗೆ ಬಂದಾಗ ಕೊನೆಯ ಸಾಲಿಗೆ ಹಾರಬೇಡಿ. ಸುಕ್ರೋಸ್, ಸಿ4, ಎಚ್‌ಎಂಎಫ್, ನೀರು, ಈ ನಾಲ್ಕರ ಅಂಕಿಯನ್ನು ಬೇರೆ ಬೇರೆಯಾಗಿ ಓದಿ. ಮೊದಲ ಮೂರೂ ಸರಿಯಿದ್ದು ನೀರು ಮಾತ್ರ 21 ಎಂದಿದ್ದರೆ, ಅದನ್ನು ಮಾರಿದವರ ಹತ್ತಿರ ಜಗಳಕ್ಕೆ ಹೋಗುವ ಮುಂಚೆ ಯಾವ ತಿಂಗಳು ತೆಗೆದ ಜೇನು, ಎರಿಗೆ ಎಷ್ಟು ಮುಚ್ಚಳ ಬಿದ್ದಿತ್ತು ಎಂದು ಕೇಳಿ.