ಎಫ್1 ಒತ್ತಿ ಅನ್ನುತ್ತದೆ, ಒತ್ತಿದರೆ ಕೇಳುವುದಿಲ್ಲ
ಶನಿವಾರ ಬೆಳಿಗ್ಗೆ ಕಕ್ಕಬ್ಬೆ ಕಡೆಯ ಒಂದು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಫೋನ್ ಮಾಡಿದರು. "ಕೀಬೋರ್ಡ್ ಕೆಲಸ ಮಾಡ್ತಾ ಇಲ್ಲ ಮಾರಾಯ. ಇವತ್ತು ಬಟವಾಡೆ, ಬೇಗ ಬಾ."

ನಾನು ಏನೂ ಕೇಳಲಿಲ್ಲ. ಹೊಸ ಯುಎಸ್‌ಬಿ ಕೀಬೋರ್ಡ್ ಒಂದನ್ನು ಚೀಲಕ್ಕೆ ಹಾಕಿಕೊಂಡು ವಿರಾಜಪೇಟೆಯಿಂದ ಹೊರಟೆ. ಅವತ್ತಿನ ತಪ್ಪು ಅಲ್ಲೇ ಆಗಿತ್ತು.

ವಿಂಡೋಸ್ ಎಕ್ಸ್‌ಪಿ ಕಾಲದ ಡೆಸ್ಕ್‌ಟಾಪ್ ಅದು. ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ-ಕೂಲಿಯ ಲೆಕ್ಕ, ಪೂರ್ತಿ ಅದರಲ್ಲೇ ಇದೆ. ಆ ಸಾಫ್ಟ್‌ವೇರ್ ಹೊಸ ಮೆಷಿನ್ನಿನಲ್ಲಿ ಓಡುವುದಿಲ್ಲವಾದ್ದರಿಂದ ಹಳೆಯದನ್ನೇ ಜೋಪಾನ ಮಾಡಿಕೊಂಡು ಬಂದಿದ್ದಾರೆ. ಕಪ್ಪು ಪರದೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್', ಅದರ ಕೆಳಗೆ ಮುಂದುವರಿಯಲು ಎಫ್1 ಒತ್ತಿ ಎಂಬ ಸೂಚನೆ. ಒತ್ತಿದೆ, ಏನೂ ಆಗಲಿಲ್ಲ. ಹೊಸ ಕೀಬೋರ್ಡ್ ಹಾಕಿದೆ, ಅದೂ ಅಷ್ಟೇ. ಹಿಂದಿನ ಪೋರ್ಟ್, ಮುಂದಿನ ಪೋರ್ಟ್ ಎಲ್ಲಾ ಆಯಿತು. ನಮ್ ಲಾಕ್ ದೀಪ ಮಿಸುಕಲಿಲ್ಲ. ಎರಡು ಕೀಬೋರ್ಡ್ ಒಟ್ಟಿಗೆ ಸಾಯುವುದುಂಟೇ ಅಂತ ಆಗ ಮೇಲಿನ ಸಾಲನ್ನು ಸರಿಯಾಗಿ ಓದಿದೆ: ಮೆಷಿನ್ ನೆನಪಿಟ್ಟುಕೊಂಡಿದ್ದ ಸೆಟ್ಟಿಂಗ್ ಕೆಟ್ಟಿದೆ ಅಂತ ಅದರರ್ಥ.

"ಸಾರ್, ಪ್ಲಗ್ ಕಿತ್ತಿಟ್ಟಿದ್ರಾ?"

"ಗುಡುಗು ಶುರುವಾದಾಗಿನಿಂದ ದಿನಾ ಸಂಜೆ ಕೀಳ್ತೀನಿ. ಈ ವಾರವಂತೂ ಸೋಮವಾರ ಕಿತ್ತಿದ್ದು, ಇವತ್ತೇ ಹಾಕಿದ್ದು."

ಅಲ್ಲಿಗೆ ಗಂಟು ಬಿಚ್ಚಿತು. ಮದರ್‌ಬೋರ್ಡಿನಲ್ಲಿ ಸಿಆರ್2032 ಅನ್ನುವ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಇರುತ್ತದೆ. ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ ಪವರ್ ಸಪ್ಲೈನಿಂದ ಬೋರ್ಡಿಗೆ ಸ್ವಲ್ಪ ಕರೆಂಟ್ ಬರುತ್ತಿರುತ್ತದೆ; ಬ್ಯಾಟರಿ ಸವೆಯುವುದು ಕಡಿಮೆ. ಪ್ಲಗ್ ಕಿತ್ತರೆ ತಾರೀಖು, ಬಯಾಸ್ (ವಿಂಡೋಸಿಗೆ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲವನ್ನೂ ಆ ಬ್ಯಾಟರಿಯೊಂದೇ ಕಾಯಬೇಕು. ಹಳೇ ಬ್ಯಾಟರಿ ಸೋತಿತು, ಸೆಟ್ಟಿಂಗ್ ಅಳಿಸಿ ಹೋಗಿ ಕಂಪನಿಯಿಂದ ಬಂದಾಗಿನ ಸ್ಥಿತಿಗೆ ಮರಳಿತು. ಆ ಬೋರ್ಡಿನಲ್ಲಿ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಮೊದಲಿಂದಲೇ ಆಫ್.

ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು? ಹಿಂದಿನ ಮಳೆಗಾಲದ ಥಂಡಿಗೆ ಹಳೇ ಗುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಹಾಳಾದಾಗ ಯುಎಸ್‌ಬಿಯದು ತಂದಿದ್ದರು. ವಿಂಡೋಸ್ ಬಂದ ಮೇಲೆ ಅದರದೇ ಡ್ರೈವರ್ ಕೀಬೋರ್ಡನ್ನು ನೋಡಿಕೊಳ್ಳುತ್ತದೆ. ವಿಂಡೋಸಿಗೆ ಮೊದಲು ಕೀಲಿ ಒತ್ತುವ ಪ್ರಸಂಗ ಅವರಿಗೆ ಬಂದೇ ಇರಲಿಲ್ಲ.

ಬೇಕಾಗಿದ್ದು ಆ ಸೆಟ್ಟಿಂಗಿನ ಹಂಗಿಲ್ಲದ ಒಂದು ಪಿಎಸ್/2 ಕೀಬೋರ್ಡ್. ಅದು ಅಂಗಡಿಯಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸಂತೆ ಖರ್ಚಿಗೆ ದುಡ್ಡು ಬೇಕಿದ್ದ ಹೆಂಗಸರು ಆಫೀಸಿನ ಜಗುಲಿಯಲ್ಲಿ ಕಾಯುತ್ತಾ ಕೂತಿದ್ದರು. ಅವರನ್ನು ದಾಟಿ ಒಳಗೆ ಹೋಗುವಾಗ ಮುಖ ಎತ್ತಲು ಆಗಲಿಲ್ಲ. ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಅವರು ಅಷ್ಟು ಹೊತ್ತು ಕಾಯಬೇಕಿರಲಿಲ್ಲ.

ಪ್ಲಗ್ ಕಿತ್ತು ಬ್ಯಾಟರಿ ಬದಲಾಯಿಸಿದೆ. ಮೆಷಿನ್ ಆಫ್ ಇರುವಾಗಲೇ ನೇರಳೆ ಬಣ್ಣದ ತೂತಿಗೆ ಕೀಬೋರ್ಡ್ ಸಿಕ್ಕಿಸಿದೆ, ಹಸಿರು ಮೌಸಿನದು. ಪಿಎಸ್/2 ಅನ್ನು ಓಡುತ್ತಿರುವಾಗ ಸಿಕ್ಕಿಸಿದರೆ ಸಾಮಾನ್ಯವಾಗಿ ಗುರುತು ಹಿಡಿಯುವುದಿಲ್ಲ, ಕೆಲವು ಬೋರ್ಡ್‌ಗಳಲ್ಲಿ ಆ ಪೋರ್ಟಿನ ಫ್ಯೂಸೇ ಹೋಗುತ್ತದೆ. ಆನ್ ಮಾಡಿದಾಗ ಮೂರೂ ದೀಪ ಒಮ್ಮೆ ಮಿನುಗಿದವು. ಡಿಲೀಟ್ ಒತ್ತಿ ಬಯಾಸ್‌ಗೆ ಹೋಗಿ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಆನ್ ಮಾಡಿದೆ. ತಾರೀಖನ್ನೂ ಸರಿಮಾಡಿದೆ. ಅದನ್ನು ಬಿಟ್ಟಿದ್ದರೆ ಆ ವಾರದ ಕೂಲಿ ಯಾವುದೋ ಹಳೇ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು.

ಈಗ ಫೋನ್ ಬಂದರೆ ಮೊದಲು ಎರಡು ಪ್ರಶ್ನೆ: ಪರದೆಯಲ್ಲಿ ಏನು ಬರೆದಿದೆ, ನಮ್ ಲಾಕ್ ಒತ್ತಿದರೆ ದೀಪ ಬದಲಾಗುತ್ತದಾ? ವಿಂಡೋಸ್ ಬಂದು, ದೀಪವೂ ಬದಲಾಗಿ, ಅಕ್ಷರ ಮಾತ್ರ ಮೂಡದಿದ್ದರೆ ಫಿಲ್ಟರ್ ಕೀಸ್ ಆನ್ ಆಗಿದೆಯೇ ಅಂತ ನೋಡಿಸುತ್ತೇನೆ. ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದರೆ ಅದು ಬರುತ್ತದೆ, ಆಮೇಲೆ ಥಟ್ಟನೆ ಒತ್ತಿ ಬಿಟ್ಟ ಕೀಲಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚೀಲದಲ್ಲಿ ಒಂದು ಪಿಎಸ್/2 ಕೀಬೋರ್ಡ್, ಎರಡು ಬ್ಯಾಟರಿ ಸದಾ ಇರುತ್ತವೆ.

ರೈಟರ್ ಈಗಲೂ ಸಂಜೆ ಪ್ಲಗ್ ಕೀಳುತ್ತಾರೆ. ಕೀಳಲೇಬೇಕು, ನಮ್ಮಲ್ಲಿ ಸಿಡಿಲು ಹಾಗಿದೆ. ಬ್ಯಾಟರಿ ಹಾಕಿದ ತಾರೀಖನ್ನು ಕ್ಯಾಬಿನೆಟ್ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.