ಪರಿಹಾರ ಎಷ್ಟ ಕೊಟ್ರಂತ?

ಮೊನ್ನೆ ಬುಧವಾರ ರಾತ್ರಿ ನಮ್ಮನೆಯವರು ಫ್ಯಾಮಿಲಿ ಗ್ರೂಪಿಗೆ ಪ್ರವಾಸದ ವಿಡಿಯೊ ಹಾಕಿದರು. ನಾಲ್ಕು ನಿಮಿಷದ್ದು. ಕಾಳಿ ನದಿ, ಕಾಡು, ಹ್ಯಾವ್‌ಲಾಕ್ ದ್ವೀಪದ ನೀಲಿ ನೀರು, ನಡುನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ನಾನು. ಮೊದಲಿಂದ ಕೊನೆತನಕ ಕೊಳಲು. ಹತ್ತು ನಿಮಿಷದಲ್ಲಿ ಚಪ್ಪಾಳೆ, ಹಾರ್ಟು ಎಲ್ಲ ಬಿದ್ದವು. ಆದರೆ ಅಂಡಮಾನಿನ ಸಿಪ್ಪಿಘಾಟ್ ಬಂದಾಗ ನನಗೆ ಒಂಥರಾ ಆಯಿತು. ಅಲ್ಲಿ ಅತ್ತೆಯ ಬಾಯಿ ಅಲ್ಲಾಡುತ್ತದೆ, ಮಾತು ಕೇಳೋದಿಲ್ಲ. ಮಾತಿನ ಜಾಗದಲ್ಲೂ ಕೊಳಲು.

ಮೂಲ ವಿಡಿಯೊ ನನ್ನ ಫೋನಿನಲ್ಲಿದೆ. 38 ಸೆಕೆಂಡ್. ಈ ವಾರ ಅಡುಗೆಮನೆಯಲ್ಲಿ ನಿಂತು ಅದನ್ನು ಎಷ್ಟು ಸಲ ಹಾಕಿಕೊಂಡು ಕೇಳಿದೆನೋ ಲೆಕ್ಕ ಇಲ್ಲ. ಒಂದು ಸಲ ಒಗ್ಗರಣೆಯೂ ಸೀದುಹೋಯಿತು.

ಇವರಿಗೆ ಬೆಳಗಾವಿಯಲ್ಲಿ ಕೇಂದ್ರ ಸರ್ಕಾರದ ನೌಕರಿ, ಶನಿವಾರ ಬಾಗಲಕೋಟೆಗೆ ಬರ್ತಾರೆ. ಸ್ವಂತ ಊರಿಗೆ ಹೋಗೋಕೆ ಸರ್ಕಾರ ಪ್ರಯಾಣದ ಖರ್ಚು ಕೊಡುವ ಎಲ್‌ಟಿಸಿಯನ್ನು ಅಂಡಮಾನಿಗೆ ಬದಲಾಯಿಸಿಕೊಳ್ಳಬಹುದಂತೆ. ಆಫೀಸಿನಲ್ಲಿ ಅರ್ಧ ಜನ ಆಗಲೇ ಹೋಗಿ ಬಂದು ಮುತ್ತಿನ ಸರ ತೋರಿಸಿಯಾಗಿದೆ. ಸ್ವಂತ ಊರಿಗೆ ಅನ್ನೋದೇ ನಮ್ಮ ಮಟ್ಟಿಗೆ ತಮಾಷೆ. ನಮ್ಮ ಸ್ವಂತ ಊರಿನ ಮನೆ, ಈಗ ನಾವಿರುವ ನವನಗರದಿಂದ ಆಟೋ ಹೋಗುವಷ್ಟು ದೂರದಲ್ಲಿ, ಆಲಮಟ್ಟಿ ಅಣೆಕಟ್ಟೆಯ ನೀರೊಳಗಿದೆ.

ಅತ್ತೆಗೆ 71. ಮೊದಲು ಬರೋದಿಲ್ಲ ಅಂದರು. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರಲ್ಲ, ಮಗಳು ಅದನ್ನೇ ಜೋರಾಗಿ ಓದಿ ಹೇಳುತ್ತಿದ್ದಳು. ಅತ್ತೆ ಒಳಗಿಂದ ಕೂಗಿದರು. "ವಿಜಾಪುರಕ್ಕ ಹೋಗಾಕ ಇಮಾನ ಯಾಕ ಬೇಕ? ಬಸ್ಸಿಗೆ ಹೋದ್ರ ಮಧ್ಯಾಹ್ನ ಊಟಕ್ಕ ಹೊಳ್ಳಿ ಬರಬಹುದು." ನಕ್ಕು ನಕ್ಕು ಸಾಕಾಯಿತು. ಆ ನಗುವಿನಲ್ಲೇ ಒಪ್ಪಿದರು ಅನ್ನಿಸುತ್ತೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಕಟ್ಟಿಕೊಂಡರು. ಹತ್ತು ದಿನಕ್ಕೆ ಅರವತ್ತು ರೊಟ್ಟಿ.

ಬರೀ ಸಮುದ್ರ ಯಾಕೆ, ಕಾಡೂ ಇರಲಿ ಅಂತ ಮೊದಲ ಎರಡು ದಿನ ಗಣೇಶಗುಡಿ ಹತ್ತಿರ ಕಾಳಿ ದಂಡೆಯ ಒಂದು ಜಂಗಲ್ ಲಾಡ್ಜ್. ಇದು ಎಲ್‌ಟಿಸಿಯಲ್ಲಿ ಬರೋದಿಲ್ಲ, ನಮ್ಮದೇ ಖರ್ಚು. ಜೀಪಿನವನು ಹಾರ್ನ್‌ಬಿಲ್ ಗೂಡು ತೋರಿಸಿದ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಒಳಗಿಂದಲೇ ಮೆತ್ತಿಕೊಂಡು ಬಿಡುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ. ಗಂಡು ದಿನವಿಡೀ ಅತ್ತಿಹಣ್ಣು, ಗೋಳಿಹಣ್ಣು ತಂದು ಆ ಸಂದಿಯಲ್ಲಿ ಕೊಡುತ್ತದೆ. ಅತ್ತೆ ಬಹಳ ಹೊತ್ತು ಮೇಲೆ ನೋಡಿದರು. "ಬಾಣಂತಿ ಕೋಣಿ ಮಾಡ್ಯಾಳ ಬಿಡ. ಗಂಡ ಚೊಲೋ ಅದಾನ. ನಿನ್ನ ಗಂಡ ಬೆಳಗಾವಿಯಿಂದ ಕುಂದಾ ತರ್ತಾನಲ್ಲ, ಹಂಗ." ಜೀಪಿನಲ್ಲಿದ್ದ ಬೆಂಗಳೂರಿನ ಜೋಡಿಗೆ ಇದೇ ಹಾರ್ನ್‌ಬಿಲ್‌ಗಿಂತ ಇಷ್ಟವಾಯಿತು. ಅವರು ಎರಡು ದಿನವೂ ಅತ್ತೆಯನ್ನು "ಸೋ ಕ್ಯೂಟ್" ಅನ್ನುತ್ತಿದ್ದರು. ನನಗೆ ಅದು ಸರಿ ಬರಲಿಲ್ಲ. ಕ್ಯೂಟ್ ಅನ್ನಿಸಿಕೊಳ್ಳೋ ವಯಸ್ಸಾ ಅದು?

ರಾಫ್ಟಿಂಗ್ ಶುರುವಾಗಬೇಕಾದರೆ ಮೇಲಿನ ಸೂಪಾ ಅಣೆಕಟ್ಟೆಯಿಂದ ನೀರು ಬಿಡಬೇಕು. ಅದಕ್ಕಾಗಿ ದಂಡೆಯಲ್ಲಿ ಕಾಯುತ್ತಿದ್ದಾಗ ಗೈಡ್ ಹುಡುಗ ಅಣೆಕಟ್ಟೆಯ ಕಥೆ ಹೇಳಿದ. ಎತ್ತರ 101 ಮೀಟರ್, 1987ರಲ್ಲಿ ಮುಗಿದದ್ದು. ಸೂಪಾ ಅನ್ನೋ ಊರೇ ಅದರ ಕೆಳಗೆ ಹೋಯಿತು. ಮುಳುಗಡೆಯಾದವರಲ್ಲಿ ಬಹಳ ಜನರನ್ನು ಅಲ್ಲೇ ಜೋಯಿಡಾ ತಾಲೂಕಿನ ರಾಮನಗರದಲ್ಲಿ ಕೂಡಿಸಿದರು. ಎಲ್ಲರೂ ಲೈಫ್ ಜಾಕೆಟ್ ಬಿಗಿದುಕೊಳ್ಳುತ್ತಿದ್ದರು. ಅತ್ತೆ ಕಲ್ಲಿನ ಮೇಲೆ ಕೂತಲ್ಲಿಂದಲೇ ಕೇಳಿದರು.

"ಅವರಿಗೆ ಪರಿಹಾರ ಎಷ್ಟ ಕೊಟ್ರಂತ?"

ಹುಡುಗ ತಬ್ಬಿಬ್ಬಾದ. "ನಾನು ಆಗ ಹುಟ್ಟೇ ಇರ್ಲಿಲ್ಲ ಅಜ್ಜಿ." ಬೆಂಗಳೂರಿನವರು ನಕ್ಕರು. ಇವರು "ಯವ್ವಾ, ಸುಮ್ನ ನೀರ ನೋಡಬಾರದ?" ಅಂದರು. ಅತ್ತೆ "ಅದನ್ನ ನೋಡಾಕತ್ತೇನಿ" ಅಂದರು. ನಿಜ ಹೇಳಬೇಕಂದ್ರೆ ಆಗ ನನಗೂ ನಾಚಿಕೆಯಾಯಿತು. ರಜೆಗೆ ಬಂದ ಕಡೆಯೂ ಇದೇ ಕಥೆನಾ ಅಂತ.

ಬಾಗಲಕೋಟೆಯ ಕಥೆಯನ್ನು ಇಲ್ಲಿ ಉದ್ದಕ್ಕೆ ಹೇಳೋದಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಹಳೇ ಊರಿನ ನಮ್ಮ ಓಣಿಗೆ ನೀರು ಬಂದದ್ದು 2000ದ ಆಚೀಚೆ. ನಡುವಿನ ಅಷ್ಟೂ ವರ್ಷ ಊರಿಗೆ ಊರೇ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದಿದೆ. ಮನೆಗೆ ಸುಣ್ಣ ಹಚ್ಚೋದೋ ಬೇಡವೋ, ಮೇಲ್ಮುದ್ದಿ ಸೋರಿದರೆ ಮಣ್ಣು ಹಾಕಿಸೋದೋ ಬೇಡವೋ ಅಂತ ಅರ್ಧ ಆಯುಷ್ಯ. ಹಾಗಾಗಿ ನಮ್ಮ ಕಡೆ "ಪರಿಹಾರ ಎಷ್ಟ ಬಂತು?" ಅಂದರೆ ಬೇರೆ ಊರಲ್ಲಿ "ಊಟ ಆಯ್ತಾ?" ಅಂದ ಹಾಗೆ. ಬೀಗರು ಬಂದರೂ ಅದೇ ಮಾತು.

ನಾನು ಸೊಸೆಯಾಗಿ ಬಂದದ್ದು ನವನಗರದ ಮನೆಗೆ. ಹಳೇ ಮನೆ ನೋಡಿಲ್ಲ. ನನಗೆ ನವನಗರವೇ ಇಷ್ಟ, ಇದನ್ನು ಮನೆಯಲ್ಲಿ ಹೇಳೋ ಹಾಗಿಲ್ಲ. ಅಗಲವಾದ ರಸ್ತೆ, ಗಾಳಿ ಬರುವ ಅಡುಗೆಮನೆ. ಹಳೇ ಮನೆಯಿಂದ ಬಂದದ್ದು ಅಂದರೆ ತಲಬಾಗಿಲಿನ ಚೌಕಟ್ಟು, ಎರಡು ಕಂಬ, ಒಂದು ಒಳಕಲ್ಲು. ಪರಿಹಾರದ ದುಡ್ಡಿನಲ್ಲಿ ನನ್ನ ಮೈದುನ ಪಾಲು ತಗೊಂಡು ಹುಬ್ಬಳ್ಳಿಯಲ್ಲಿ ಪ್ಲಾಟ್ ಮಾಡಿದ. ಆ ವಿಷಯ ಬಿಡೋಣ.

ಚೆನ್ನೈವರೆಗೆ ರೈಲು, ಅಲ್ಲಿಂದ ವಿಮಾನ. ಅಂಡಮಾನಿನಲ್ಲಿ ಅತ್ತೆಗೆ ಮೊದಲ ದಿನವೇ ಹಿಡಿಸಿದ್ದು ಸೂರ್ಯ. ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆ ದಾಟಿದರೆ ಕತ್ತಲು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ನಾಲ್ಕೂವರೆಗೆ ಏಳುವ ಅತ್ತೆಗೆ ಜೀವನದಲ್ಲಿ ಮೊದಲ ಸಲ ಯಾರೋ ಜೊತೆ ಸಿಕ್ಕಂತಾಯಿತು.

ರಾಸ್ ದ್ವೀಪಕ್ಕೆ ಹೋದೆವು. ಈಗ ಅದಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಹೆಸರು. ಬ್ರಿಟಿಷರು ಅಂಡಮಾನನ್ನು ಆಳಿದ್ದು ಅಲ್ಲಿಂದ. 1941ರ ಭೂಕಂಪ, ಮರುವರ್ಷ ಜಪಾನಿಯರು, ಅಲ್ಲಿಗೆ ಆ ಸಂಸಾರ ಮುಗಿಯಿತು. ಈಗ ಚರ್ಚು, ಬೇಕರಿ, ಬಂಗಲೆ ಎಲ್ಲಕ್ಕೂ ಆಲದ ಜಾತಿಯ ಮರಗಳ ಬೇರು ಹಬ್ಬಿದೆ. ಗೋಡೆ ಯಾವುದು ಬೇರು ಯಾವುದು ತಿಳಿಯೋದಿಲ್ಲ. ಜಿಂಕೆಗಳು ಕೈಯಿಂದಲೇ ತಿನ್ನುತ್ತವೆ. ಅತ್ತೆ ಒಂದು ಬಾಗಿಲಿನ ಕಮಾನಿನಲ್ಲಿ ನಿಂತು ಹೊಸ್ತಿಲು ಸವರಿ ನೋಡಿದರು. "ಇಲ್ಲಿದ್ದವ್ರು ಎಲ್ಲಿ ಹ್ವಾದ್ರು?" ಅಂದರು. ಇಂಗ್ಲೆಂಡಿಗೆ ಅಂದೆ. ಸ್ವಲ್ಪ ಯೋಚನೆ ಮಾಡಿ, "ಹಂಗಾರ ಇವರಿಗೆ ಪರಿಹಾರ ಬ್ಯಾಡ" ಅಂದರು.

ಆಮೇಲೆ ಹಡಗಿನಲ್ಲಿ ಹ್ಯಾವ್‌ಲಾಕ್, ಅಂದರೆ ಸ್ವರಾಜ್ ದ್ವೀಪ. ಮೂರು ರಾತ್ರಿ ರೆಸಾರ್ಟ್. ಇವರು ಸಮುದ್ರ ಕಾಣುವ ಕಾಟೇಜಿಗೆ ಅಂತ ಜಾಸ್ತಿ ಕೊಟ್ಟಿದ್ದರು. ಅತ್ತೆ ಮೊದಲ ರಾತ್ರಿಯೇ ಪರದೆ ಎಳೆಸಿದರು. ಮಲಗುವಾಗ ನೀರು ಕಾಣಬಾರದಂತೆ. ಇವರ ಮುಖ ನೋಡಬೇಕಿತ್ತು!

ಬೆಳಿಗ್ಗೆ ನಾನು ಎದ್ದಾಗ ಅತ್ತೆ ಮರಳಿನಲ್ಲಿದ್ದರು. ನೀರಿನ ಅಂಚಿಗೆ ಒಂದು ತೆಂಗಿನ ಗರಿಯ ದಂಟು ಚುಚ್ಚಿದ್ದರು. ಏನಿದು ಅಂದರೆ, "ನೀರು ಎಲ್ಲಿತನಕ ಬರ್ತೈತಿ ನೋಡಾಕ" ಅಂದರು. ಹಳೇ ಊರಲ್ಲಿ ಹಾಗೇ ಮಾಡುತ್ತಿದ್ದರಂತೆ. ಸಂಜೆ ಅಂಚಿಗೆ ಒಂದು ಕಲ್ಲು ಇಡೋದು, ಬೆಳಿಗ್ಗೆ ಹೋಗಿ ನೋಡೋದು. ಕಲ್ಲು ಮುಳುಗಿದ್ದರೆ ಇನ್ನೊಂದು ಕಲ್ಲು, ಇನ್ನಷ್ಟು ಹಿಂದೆ. ಕೊನೆಯ ಕಲ್ಲು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಇಟ್ಟದ್ದಂತೆ.

ಇಲ್ಲಿ ನೀರು ಬೇರೆ ಆಟ ಆಡಿತು. ಒಂಬತ್ತು ಗಂಟೆಗೆ ದಂಟಿನಿಂದ ಎಷ್ಟೋ ದೂರ ಹಿಂದೆ ಸರಿದಿತ್ತು. ದೋಣಿಗಳು ಹೊಟ್ಟೆ ಮೇಲೆ ಮಾಡಿಕೊಂಡು ಮಣ್ಣಿನಲ್ಲಿ ಕೂತಿದ್ದವು. ಮಧ್ಯಾಹ್ನದ ಮೇಲೆ ತಿರುಗಿ ಬಂದು ದಂಟು ಮುಳುಗಿಸಿತು. ಅತ್ತೆ ಮೂರು ದಿನವೂ ಇದನ್ನೇ ನೋಡಿದರು. ಮೂರನೇ ದಿನ, ನೀರು ಬರೋದು ದಿನಾ ಮುಕ್ಕಾಲು ತಾಸು ತಡ ಆಗ್ತೈತಿ ಅಂತ ತಾವೇ ಹೇಳಿದರು. ಮಗಳು ಫೋನ್ ತೆಗೆದು ನೋಡಿದಳು. ಚಂದ್ರನ ಲೆಕ್ಕ, ದಿನಕ್ಕೆ ಸುಮಾರು 50 ನಿಮಿಷ. ಅವಳಿಗೆ ಆಯಿಯ ಮೇಲೆ ಅವತ್ತಿನಿಂದ ಹೊಸ ಮರ್ಯಾದೆ. ರಾಧಾನಗರದ ಬೀಚು, ಅದರ ಬಿಳಿ ಮರಳು, ಎಲ್ಲರೂ ಫೋಟೊ ತೆಗೆಯುವ ಸೂರ್ಯಾಸ್ತ, ಅದೆಲ್ಲ ಚೆನ್ನಾಗಿಯೇ ಇತ್ತು. ಅತ್ತೆಗೆ ಬೇಕಾದದ್ದು ಆ ದಂಟು.

ಊಟ ಬಡಿಸುತ್ತಿದ್ದ ಹುಡುಗನ ಅಜ್ಜ ಪೂರ್ವ ಬಂಗಾಳದಿಂದ ನಿರಾಶ್ರಿತನಾಗಿ ಬಂದವನು. ಹ್ಯಾವ್‌ಲಾಕಿನ ಹಳ್ಳಿಗಳಲ್ಲಿ ಬಹಳ ಮಂದಿ ಹಾಗೆ 50ರ ದಶಕದಲ್ಲಿ ಬಂದು ನೆಲೆಸಿದವರೇ. ಸರ್ಕಾರ ಜಮೀನು ಕೊಟ್ಟಿತು ಅಂದ. ಅತ್ತೆ ಅವನಿಗೆ ಎರಡು ರೊಟ್ಟಿ ಕೊಟ್ಟರು. ಅವನು ಅದನ್ನು ಹಪ್ಪಳ ಅಂದುಕೊಂಡು ಮುರಿದು ತಿಂದ.

ಕೊನೇ ದಿನ ವಂಡೂರಿಗೆ ಹೋಗುವ ದಾರಿಯಲ್ಲಿ ಸಿಪ್ಪಿಘಾಟ್. ರಸ್ತೆಯ ಎರಡೂ ಕಡೆ ನಿಂತ ನೀರು, ಅಲ್ಲಲ್ಲಿ ಕೊಕ್ಕರೆ. ಪಕ್ಷಿ ನೋಡುವವರು ಅಲ್ಲಿಗೆ ಬರುತ್ತಾರೆ. ನಮ್ಮ ಹಿನ್ನೀರಿಗೂ ಫ್ಲೆಮಿಂಗೊ ನೋಡಲು ದೊಡ್ಡ ದೊಡ್ಡ ಕ್ಯಾಮೆರಾ ಹಿಡಿದು ಬರ್ತಾರಲ್ಲ, ಹಾಗೆ. ಚಂದ ಕಂಡಿತು ಅಂತ ಇವರು ಗಾಡಿ ನಿಲ್ಲಿಸಿ ವಿಡಿಯೊ ಶುರು ಮಾಡಿದರು. ನಾನೂ ನನ್ನ ಫೋನು ಎತ್ತಿದೆ.

ಡ್ರೈವರ್ ಐವತ್ತರ ಆಸುಪಾಸಿನವನು. ಹಿಂದಿಯಲ್ಲಿ ಹೇಳಿದ. ಇಲ್ಲೇ ನಮ್ಮ ಗದ್ದೆ ಇತ್ತು. 2004ರ ಡಿಸೆಂಬರ್ 26ಕ್ಕೆ ನೆಲ ಹೆಚ್ಚುಕಡಿಮೆ ಒಂದು ಮೀಟರ್ ಕುಸಿಯಿತು. ಬೇರೆ ಕಡೆ ಸುನಾಮಿ ನೀರು ಬಂದು ಹೋಯಿತು, ಇಲ್ಲಿ ಬಂದದ್ದು ಹೋಗಲೇ ಇಲ್ಲ. ಉತ್ತರ ಅಂಡಮಾನಿನಲ್ಲಿ ಅದೇ ದಿನ ನೆಲ ಮೇಲೆದ್ದಿತಂತೆ. ಹವಳದ ದಿಬ್ಬಗಳು ನೀರಿಂದ ಹೊರಗೆ ಬಂದವಂತೆ.

ವಿಡಿಯೊ ಇಲ್ಲಿಂದ. ಅತ್ತೆ ಕೇಳ್ತಾರೆ: "ಪರಿಹಾರ ಎಷ್ಟ ಕೊಟ್ರಂತ?" ಡ್ರೈವರ್ ಇವರ ಮುಖ ನೋಡುತ್ತಾನೆ, ಏನಂತೆ ಅಂತ. ಇವರು ಹಿಂದಿಯಲ್ಲಿ, "ಜಾಗ ಬಹಳ ಚೆನ್ನಾಗಿದೆ ಅಂತಿದ್ದಾರೆ" ಅಂತಾರೆ. ಎಂಟನೇ ಕ್ಲಾಸಿನ ನನ್ನ ಮಗಳು, "ಅಲ್ಲ ಅಂಕಲ್, ಪರಿಹಾರ ಎಷ್ಟು ಕೊಟ್ಟರು ಅಂತ ಕೇಳ್ತಿದ್ದಾರೆ. ನಮ್ಮ ಮನೇನೂ ಮುಳುಗಿದೆ" ಅಂತಾಳೆ. ಡ್ರೈವರ್ ಇಂಜಿನ್ ಬಂದ್ ಮಾಡುತ್ತಾನೆ. ಆ ಸದ್ದು ನಿಂತದ್ದು ಸ್ಪಷ್ಟ ಕೇಳುತ್ತದೆ. "ನಿಮ್ಮ ನೀರು ಹೋಯಿತಾ ಅಮ್ಮಾ?" ಅಂತಾನೆ. ಮಗಳು ಕನ್ನಡದಲ್ಲಿ ಹೇಳ್ತಾಳೆ. ಅತ್ತೆ: "ನಮ್ಮದು ಬ್ಯಾಸಗ್ಯಾಗ ತೆರಿತೈತಿ. ಪಾಯಾ ಕಾಣ್ತೈತಿ. ಇವರದು ತೆರಿಯೂದ ಇಲ್ಲಲ್ಲವಾ."

38 ಸೆಕೆಂಡ್ ಅಲ್ಲಿಗೆ ಮುಗಿಯುತ್ತದೆ. ಅವನು ಆಮೇಲೆ ಪರಿಹಾರದ ಬಗ್ಗೆ ಏನೋ ಹೇಳಿದ, ಸ್ವಲ್ಪ ಸಿಕ್ಕಿತು, ಕೆಲವರಿಗೆ ತಡವಾಯಿತು ಅಂತ. ಅತ್ತೆ ಮೊತ್ತ ಕೇಳಲೇ ಇಲ್ಲ. ಅವನ ಅಪ್ಪ ಈಗೆಲ್ಲಿದ್ದಾರೆ, ಗದ್ದೆಯಲ್ಲಿ ಏನು ಬೆಳೆಯುತ್ತಿದ್ದರು, ಎಮ್ಮೆ ಇತ್ತಾ, ಅದನ್ನೇ ಕೇಳಿದರು.

ಬುಧವಾರದಿಂದ ಇವರ ಮೇಲೆ ನನಗೆ ಸಿಟ್ಟಿತ್ತು. ಅವ್ವನ ಮಾತು ಅಂದರೆ ಇಷ್ಟು ನಾಚಿಕೆಯಾ ಅಂತ. ಆದರೆ ಕೇಳುತ್ತಾ ಕೇಳುತ್ತಾ ಬೇರೆ ಒಂದು ಗಮನಕ್ಕೆ ಬಂತು. "ಜಾಗ ಬಹಳ ಚೆನ್ನಾಗಿದೆ" ಅನ್ನುವಾಗ ಇವರ ದನಿ ನಡುಗಿದೆ. ಆ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದು ಇವರೇ, ಆಗ 22 ವರ್ಷ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ಆ ಮನೆಯ ಬಗ್ಗೆ ಒಂದು ಮಾತು ಹೇಳಿಲ್ಲ. ನಾನೂ ಕೇಳಿಲ್ಲ, ಪರಿಹಾರದ ಲೆಕ್ಕ ಮಾತ್ರ ಕೇಳಿದ್ದೇನೆ. ಮೈದುನನ ಪಾಲಿನ ಸಿಟ್ಟಿಗೆ.

ಈಗ ಮತ್ತೆ ಅದೇ ಲೆಕ್ಕ ಶುರುವಾಗಿದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಿಸಬೇಕು ಅನ್ನೋದು. 2025ರ ಸೆಪ್ಟೆಂಬರಿನಲ್ಲಿ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಅಂತ ಒಪ್ಪಿದ ಮೇಲೆ ನಮ್ಮ ನೆಂಟರ ಮದುವೆಗಳಲ್ಲಿ ಊಟದ ಸಾಲಿನಲ್ಲೂ ಗುಣಾಕಾರವೇ. ಯಾರನ್ನೂ ತಪ್ಪು ಅನ್ನೋಕೆ ಆಗೋದಿಲ್ಲ. ಹೋಗೋದು ಅಂತಾದರೆ ಒಳ್ಳೆ ಬೆಲೆಗೆ ಹೋಗಲಿ ಅಂತ ಯಾರಾದರೂ ಅಂದುಕೊಳ್ತಾರೆ, ಅಲ್ವಾ? ಆದರೆ ಆ ಸಾಲಿನಲ್ಲಿ "ಎಮ್ಮೆ ಇತ್ತಾ?" ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ನಿನ್ನೆ ಅತ್ತೆಗೆ ಗ್ರೂಪಿನ ವಿಡಿಯೊ ಬಿಟ್ಟು ನನ್ನ ಫೋನಿನದ್ದನ್ನು ತೋರಿಸಿದೆ. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ. ಎರಡನೇ ಸಲ ನೋಡಿ, ಹೊರಗಿನ ಬಿಸಿಲಿನ ಕಡೆ ತಿರುಗಿದರು.

"ಈಗ ಪಾಯಾ ತೆರದಿರ್ತೈತಿ. ಒಮ್ಮಿ ಹೋಗಿ ಬರೂಣು?"

ಐತವಾರ ಹೋಗೋಣ ಅಂದೆ. ಇವರಿಗೆ ಫೋನ್ ಮಾಡಿ ಹೇಳಿದರೆ ಕಾರು ಸರ್ವಿಸಿಂಗಿಗೆ ಬಿಟ್ಟಿದ್ದೇನೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಟೋದಲ್ಲಿ ಮೂವರಿಗೇ ಜಾಗ, ನಾನು ಡ್ರೈವರ್ ಪಕ್ಕ ಕೂರ್ತೀನಿ ಬಿಡು ಅಂದರು.