ಯಾರು ಓದುತ್ತಾರೆ ಅಂತ ಗೊತ್ತಿದ್ದರೆ

ಈ ವಾರ ಕಾಸರಗೋಡಿನ ನಮ್ಮ ಡಿಗ್ರಿ ಕ್ಲಾಸಿನಲ್ಲಿ, ಪ್ರಬಂಧ ಬೇಡ, ಅರ್ಜಿ ಬರೆಯಿರಿ ಅಂದೆ. ವಿಷಯ, ಊರಿನ ಬಸ್ಸುಗಳಿಗೆ ಕನ್ನಡ ಬೋರ್ಡೂ ಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಎಷ್ಟೋ ಮಕ್ಕಳಿಗೆ ಇದೇ ಹೊಸ ಸುದ್ದಿ!

ಎಲ್ಲರೂ ಗೂಗಲ್ ಡಾಕ್ಸ್‌ನಲ್ಲಿ ಬರೆದರು. ಜೊತೆಯವರು ತಿದ್ದುವ ಹಾಗಿಲ್ಲ, ಕಾಮೆಂಟಿನಲ್ಲಿ ಪ್ರಶ್ನೆ ಮಾತ್ರ ಕೇಳಬೇಕು. ಒಬ್ಬಳು ‘ಕನ್ನಡ ನಮ್ಮ ಉಸಿರು’ ಅಂತ ಶುರು ಮಾಡಿದ್ದಳು. ‘ಇದನ್ನು ಓದಿ ಆಫೀಸರು ಏನು ಮಾಡಬೇಕು?’ ಅಂತ ಗೆಳತಿ ಕೇಳಿದ್ದಳು. ಆಮೇಲೆ, ಯಾವಾಗ ಏನು ಬದಲಾಯಿತು ಅಂತ ತೋರಿಸುವ ವರ್ಷನ್ ಹಿಸ್ಟರಿ ತೆರೆದು ನೋಡಿದೆ. ಆ ಸಾಲು ಹೋಗಿತ್ತು. ಅದರ ಜಾಗದಲ್ಲಿ, ‘ನನ್ನ ಅಜ್ಜಿಗೆ ಮಲಯಾಳ ಓದಲು ಬರುವುದಿಲ್ಲ. ಆಸ್ಪತ್ರೆಯ ಬಸ್ ಯಾವುದೆಂದು ಪ್ರತಿ ಸಲ ಯಾರನ್ನಾದರೂ ಕೇಳಬೇಕು.’ ಎಷ್ಟು ಗಟ್ಟಿ ಮಾತು, ಅಲ್ವಾ!

ಕೇಳುವವರ ಮನಸ್ಸು ಅರಿತು ಮಾತಾಡಬೇಕು ಅಂತ ಅರಿಸ್ಟಾಟಲ್ ಹೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆದರೆ ಅದು ಸುಮ್ನೆ ನೋಟ್ಸ್ ಆಗುತ್ತದೆ. ಗೆಳತಿಯ ಒಂದು ಪ್ರಶ್ನೆಗೆ ಜಾಸ್ತಿ ಬಲ ಇದೆ. ಮುಂದಿನ ವಾರ ಇದೇ ಅರ್ಜಿಯನ್ನು ಬಸ್ ಮಾಲೀಕರಿಗೆ ಬರೆಸುತ್ತೇನೆ.